ಒಂದನೇ ನಂಬರ್ ಜೆರ್ಸಿಯ ಅಳತೆ

ಬುಧವಾರ, ಸಂಜೆ

ಮನೆಯವರಿಗೆ ನಮಸ್ಕಾರ.

ಮನೆ ಬಿಟ್ಟು ಹೋದವರನ್ನು ಮನೆಯವರು ಅಂತ ಕರೆಯಬಹುದೋ ಇಲ್ಲವೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಮದುವೆಯಾದಾಗಿನಿಂದ ನಿಮ್ಮನ್ನು ಬೇರೆ ಏನೂ ಕರೆದವಳಲ್ಲ. ಈ ವಯಸ್ಸಿನಲ್ಲಿ ಹೊಸ ಹೆಸರು ಹುಡುಕಿಕೊಂಡು ಹೋಗಲಾರೆ, ಅದೇ ಇರಲಿ. ದೇವರ ದಯೆಯಿಂದ ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಅಕ್ಕನ ಮನೆಯಲ್ಲಿ ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಚೆನ್ನಾಗಿಲ್ಲದಿದ್ದರೆ ಅದು ನೀವೇ ಮಾಡಿಕೊಂಡದ್ದು.

ಕೆಲಸದ ವಿಷಯಕ್ಕೆ ಬರುತ್ತೇನೆ. ಡಿಪೋದ ಫುಟ್‌ಬಾಲ್ ತಂಡಕ್ಕೆ ಹೊಸ ಸೀಸನ್ನಿನ ಜೆರ್ಸಿ ಬಟ್ಟೆ ಬಂದಿದೆ. ಹಸಿರು ಹೋದ ಸಲಕ್ಕಿಂತ ಸ್ವಲ್ಪ ಮಾಸಲು, ಆದರೂ ಬಟ್ಟೆ ಗಟ್ಟಿ. ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವ ಕೆಲಸ ಮುಗಿಸಿ ಬಂದಮೇಲೆ ದಿನಕ್ಕೆ ಒಂದೆರಡರಂತೆ ಎಲ್ಲರದೂ ಹೊಲಿದು ಮುಗಿಸಿದೆ, ಬೆನ್ನಿಗೂ ಎದೆಗೂ ನಂಬರ್ ಕೂರಿಸಿದೆ. ಉಳಿದಿರುವುದು ಗೋಲು ಕಾಯುವ ಗೋಲಿಯದು ಒಂದೇ. ಹಳದಿ ಬಟ್ಟೆ ಈ ಸಲ ಒಂದೇ ಅಂಗಿಗೆ ಸಾಕಾಗುವಷ್ಟು ಕಳಿಸಿದ್ದಾರೆ. ಎರಡನೇ ಗೋಲಿ ಹೋದ ವರ್ಷದ್ದನ್ನೇ ಹಾಕಿಕೊಳ್ಳಬೇಕು. ಹಾಗಾಗಿ ಒಂದನೇ ನಂಬರಿನ ಹೊಸ ಅಂಗಿ ಯಾರ ಅಳತೆಗೆ ಕತ್ತರಿಸಲಿ? ನಮ್ಮ ಮಗನ ಅಳತೆಗೆ ಕತ್ತರಿಸಿದರೆ, ನೀವೆಲ್ಲ ಏಣಿ ಅಂತ ಕರೆಯುವ ಆ ಎರಡನೇ ಗೋಲಿಯ ಹೊಕ್ಕುಳ ಕಾಣುತ್ತದೆ. ಏಣಿಯ ಅಳತೆಗೆ ಕತ್ತರಿಸಿದರೆ ನಮ್ಮ ಮಗ ಅದನ್ನು ಹಾಕಿಕೊಂಡು ಮಲಗಬಹುದು, ಆಡುವುದಕ್ಕಾಗುವುದಿಲ್ಲ. ಒಬ್ಬ ಅಡ್ಡಕ್ಕೆ ಬೆಳೆದವನು, ಇನ್ನೊಬ್ಬ ಉದ್ದಕ್ಕೆ ಬೆಳೆದವನು. ನಡುವಿನ ಅಳತೆ ಅಂತ ಇಲ್ಲ.

ಕ್ಯಾಪ್ಟನ್ನನ್ನು ಕೇಳಿದೆ. ಅವನಿಗೆ ಬ್ರೇಕ್ ಅಂತ ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ, ಯಾವ ಮಾತನ್ನೂ ಅರ್ಧಕ್ಕೇ ನಿಲ್ಲಿಸುತ್ತಾನೆ. “ಅತ್ತಿಗೆ, ಅದು... ಕೋಚ್ ಹೇಳ್ಬೇಕು” ಅಂದ. ಕೋಚ್ ಎಲ್ಲಿದ್ದಾರಪ್ಪ ಅಂದೆ. “ಅದು ನಿಮಗೇ...” ಅಂದವನು ಬಸ್ಸು ಹತ್ತಿ ಹೋದ. ನಿಮ್ಮ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಯಾರೂ ಬರಲೂ ಒಪ್ಪುತ್ತಿಲ್ಲ, ಗೆದ್ದ ತಂಡಕ್ಕೆ ಕೋಚ್ ಆಗಿ ಸೋತರೆ ಕೆಟ್ಟ ಹೆಸರು ತನಗೆ ಬರುತ್ತದಲ್ಲ ಅಂತ. ಹಾಗಾಗಿ ನೀವು ಬೇರೆ ಡಿಪೋದಲ್ಲಿದ್ದರೂ ಕೋಚ್ ನೀವೇ. ಅಳತೆ ನೀವೇ ಹೇಳಬೇಕು.

ಇಷ್ಟೇ ವಿಷಯ. ಇಷ್ಟಕ್ಕೆ ಎರಡು ಸಾಲು ಸಾಕಿತ್ತು. ಆದರೆ ಕಾಗದ ಬೇಕಾದಷ್ಟು ಉಳಿದಿದೆ, ಮಗ ಇನ್ನೂ ಡ್ಯೂಟಿಯಿಂದ ಬಂದಿಲ್ಲ, ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದಾರೆ. ನಿಮ್ಮ ರೇಡಿಯೋ ಈಗ ನಾನೇ ಹಾಕುತ್ತೇನೆ. ಕೇಳುವುದಕ್ಕಲ್ಲ, ಮನೆಯಲ್ಲಿ ಒಂದು ಗಂಡಸಿನ ದನಿ ಗೊಣಗುತ್ತಿರಲಿ ಅಂತ.

ಡಿಪೋದ ಸುದ್ದಿ ಹೇಳುತ್ತೇನೆ. ಇಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೋ ಇಲ್ಲವೋ ಯಾರಿಗೂ ಚಿಂತೆಯಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಈ ಸಲವೂ ಕಪ್ ನಮ್ಮದೇ ಆಗುತ್ತದಾ ಅಂತ. ಕ್ಯಾಂಟೀನಿನಲ್ಲಿ ಆಗುತ್ತೆ ಅನ್ನುವವರದು ಒಂದು ಬೆಂಚು, ಆಗಲ್ಲ ಅನ್ನುವವರದು ಇನ್ನೊಂದು ಬೆಂಚು. ಒಂದು ಬೆಂಚಿನವನು “ಚಾಂಪಿಯನ್ ಯಾವತ್ತೂ ಚಾಂಪಿಯನ್ನೇ” ಅಂದರೆ ಇನ್ನೊಂದು ಬೆಂಚಿನವನು “ಹೋದ ಸಲ ಫೈನಲ್ಲಲ್ಲಿ ಬಂದರಿನ ತಂಡದವ್ರಿಗೆ ನಾವ್ಯಾರು ಅಂತಾನೇ ಗೊತ್ತಿರ್ಲಿಲ್ಲ. ಈ ಸಲ ನಮ್ಮ ಬೂಟಿನ ನಂಬರ್ ಕೂಡ ಬಾಯಿಪಾಠ ಮಾಡ್ಕೊಂಡು ಬರ್ತಾರೆ” ಅನ್ನುತ್ತಾನೆ. ಬಸ್ಸು ತೊಳೆಯುವ ಅಜ್ಜ ಇದ್ದಾರಲ್ಲ, ಅವರು ಯಾವ ಬೆಂಚಿನಲ್ಲೂ ಕೂರುವುದಿಲ್ಲ. ನಿಂತುಕೊಂಡೇ ಟೀ ಕುಡಿಯುತ್ತಾ, “ಗೆದ್ದ ಮೇಲೆ ನಮ್ಮ ಹುಡುಗ್ರು ನಡೆಯೋ ಶೈಲಿ ಬದಲಾಗಿದೆ, ಓಡೋ ಶೈಲಿ ಹಾಗೇ ಇದೆ” ಅಂದರು. ಅದನ್ನು ಕೇಳಿದ ಬ್ರೇಕ್ ಅಜ್ಜನಿಂದ ಮುಖ ತಿರುಗಿಸಿಕೊಂಡ.

ಅಜ್ಜನ ಮಾತು ನಿಜ ಅಂತ ಭಾನುವಾರ ಗೊತ್ತಾಯಿತು. ಅಂಚೆ ಕಚೇರಿಯವರ ಜೊತೆ ಅಭ್ಯಾಸಕ್ಕೆ ಒಂದು ಪಂದ್ಯ ಇಟ್ಟುಕೊಂಡಿದ್ದರು. ನಮ್ಮ ಮಗ ಹೋಗಲಿಲ್ಲ, ಗೋಲಿನಲ್ಲಿ ಏಣಿ ನಿಂತಿದ್ದ. ನಾಲ್ಕು ಗೋಲು ತಿಂದು ಬಂದರು. ಅಂಚೆಯವರ ಕೈಯಲ್ಲಿ! ಕಾಗದವನ್ನೇ ಸರಿಯಾದ ಮನೆಗೆ ಮುಟ್ಟಿಸದವರು ಚೆಂಡನ್ನು ಮಾತ್ರ ನಾಲ್ಕು ಸಲ ಸರಿಯಾದ ಜಾಗಕ್ಕೆ ಮುಟ್ಟಿಸಿದರು.

ಅದಾದ ಮಾರನೇ ದಿನ ಏಣಿ ಮನೆಗೆ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನು ಕೂತಮೇಲೂ ಬಗ್ಗಿಸಿದ ತಲೆ ಎತ್ತಲಿಲ್ಲ. ಡಿಪೋದಲ್ಲಿ ಸ್ಟೂಲ್ ಇಲ್ಲದೆ ಬಲ್ಬು ಹಾಕುವ ಹುಡುಗ, ನಮ್ಮ ಕುರ್ಚಿಯ ಮೇಲೆ ಮುದುರಿಕೊಂಡು ಕೂತಿದ್ದ. ಟೀ ಕೊಟ್ಟೆ. ಅದನ್ನು ಆರಿಸುತ್ತಾ ಕೂತಿದ್ದು ಸಾಕಾಗಿ ಕೊನೆಗೆ ಹೇಳಿದ.

“ಅಮ್ಮಾ, ಆ ಹಳದಿ ಬಟ್ಟೆ ನನ್ನ ಅಳತೆಗೆ ಕತ್ತರಿಸ್ಬೇಡಿ.”

ಯಾಕಪ್ಪ ಅಂದೆ.

“ಪೆನಾಲ್ಟಿ ಅಂದ್ರೆ ಒಬ್ಬ ಒದೀತಾನೆ, ನಾನು ಹಾರ್ತೀನಿ, ಮುಗೀತು. ಪೂರ್ತಿ ಆಟ ಅಂದ್ರೆ ಎಲ್ಲಾ ಕಡೆಯಿಂದ ಬರ್ತಾರಮ್ಮ. ಯಾವಾಗ ಮುಂದೆ ಹೋಗ್ಬೇಕು, ಯಾರನ್ನ ಕೂಗ್ಬೇಕು, ನಂಗೆ ಒಂದೂ ಗೊತ್ತಾಗಲ್ಲ. ಕಾರ್ನರ್ ಬಂದ್ರೆ ಕಣ್ಣು ಮುಚ್ಕೊಂಡ್ಬಿಡ್ತೀನಿ. ನಿಮ್ಮ ಮಗ ಹಿಂದೆ ನಿಂತ್ಕೊಂಡು ಬೈತಾ ಇದ್ರೆ ಎಲ್ರೂ ಜಾಗದಲ್ಲಿರ್ತಾರೆ. ನಾನು ಬೈದ್ರೆ ನಗ್ತಾರೆ.”

ಅವನ ಜೊತೆ ಮಾತಾಡಿದ್ಯಾ, ಅವನು ಮಾತಾಡಿಸ್ತಾನಾ ಅಂತ ಕೇಳಿದೆ.

“ಮಾತಾಡಿಸ್ತಾನೆ. ತುಂಬಾ ಮರ್ಯಾದೆಯಿಂದ ಮಾತಾಡಿಸ್ತಾನೆ. ಅದಕ್ಕೇ ಭಯ ಆಗ್ತಿದೆ. ಮೊದ್ಲು ಲೋ ಅಂತಿದ್ದ, ತಲೆಗೆ ಹೊಡೀತಿದ್ದ. ಈಗ ಬನ್ನಿ ಕೂತ್ಕೊಳ್ಳಿ ಅಂತಾನೆ.”

ಟೀ ಆರಿ ಕೆನೆ ಕಟ್ಟಿತ್ತು. ಅದನ್ನು ಒಂದೇ ಗುಟುಕಿಗೆ ಕುಡಿದು, ಹೋಗುವಾಗ ಬಾಗಿಲಿನ ಮೇಲ್ಪಟ್ಟಿಗೆ ಹಣೆ ತಾಗಿಸಿಕೊಂಡು ಹೋದ. ಅವನ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹಣೆ ಉಜ್ಜಿಕೊಂಡು ಬೀದಿಯಲ್ಲಿ ಹೋಗುತ್ತಿದ್ದ ಆ ಉದ್ದದ ಬೆನ್ನು ನೋಡಿ ಅದೂ ಹೋಯಿತು. ಕಪ್ ಗೆದ್ದುಕೊಟ್ಟ ಹುಡುಗ, ಇಷ್ಟು ದಿನ ಯಾರ ಮನೆಗೂ ಧೈರ್ಯವಾಗಿ ಹೋಗಿಲ್ಲ.

ಈಗ ಮಗನ ವಿಷಯ. ನೀವು ಕೇಳುವುದಿಲ್ಲ, ನಾನೇ ಹೇಳುತ್ತೇನೆ.

ಊಟ ಮಾಡುತ್ತಾನೆ. ಡ್ಯೂಟಿಗೆ ಹೋಗುತ್ತಾನೆ. ಟಿಕೆಟ್ ಕೊಡುವಾಗ ಪ್ರಯಾಣಿಕರ ಜೊತೆ ಮಾತಾಡುತ್ತಾನಂತೆ, ಮನೆಗೆ ಬರುವಷ್ಟರಲ್ಲಿ ಮಾತು ಮುಗಿದುಹೋಗಿರುತ್ತದೆ. ಅಭ್ಯಾಸಕ್ಕೆ ಹೋಗುವುದಿಲ್ಲ, ಬೂಟು ಮಂಚದ ಕೆಳಗಿದೆ. ನಾನು ಒಂದು ದಿನ ಗುಡಿಸುವಾಗ ಅದನ್ನು ಹೊರಗೆ ತೆಗೆದರೆ ಸಂಜೆಗೆ ಮತ್ತೆ ಒಳಗೆ ತಳ್ಳಿದ್ದ. ಸರಿ, ಇವನು ಆಟ ಬಿಟ್ಟ ಅಂದುಕೊಂಡೆ.

ಒಂದು ದಿನ ಸೀಟು ವಿಭಾಗದ ಬೀಗ ತೆಗೆಯಲು ಬೆಳಿಗ್ಗೆ ಬೇಗ ಹೋಗಿದ್ದೆ. ವರ್ಕ್‌ಶಾಪಿನ ಹಿಂದೆ, ಹಳೇ ಟೈರು ರಾಶಿ ಹಾಕಿರುವ ಕಡೆಯಿಂದ ದಪ್ ದಪ್ ಅಂತ ಸದ್ದು. ಹೋಗಿ ನೋಡಿದರೆ ಇವನು. ಚೆಂಡನ್ನು ಗೋಡೆಗೆ ಎಸೆಯುವುದು, ವಾಪಸ್ ಬಂದದ್ದನ್ನು ಹಾರಿ ಹಿಡಿಯುವುದು. ಒಬ್ಬನೇ. ಕಾಲಿಗೆ ಕಂಡಕ್ಟರ್ ಬೂಟು, ಮೈಗೆ ಖಾಕಿ. ನನ್ನನ್ನು ನೋಡಿ ಚೆಂಡನ್ನು ಬೆನ್ನ ಹಿಂದೆ ಹಿಡಿದುಕೊಂಡ, ಚಿಕ್ಕವನಿದ್ದಾಗ ನಿಮ್ಮ ಕನ್ನಡಕ ಮುರಿದು ನಿಂತಿದ್ದನಲ್ಲ, ಹಾಗೆ.

ನನಗೇನು ಅನ್ನಿಸಿತೋ, “ನಾನು ಒದೀಲಾ?” ಅಂದುಬಿಟ್ಟೆ.

“ನೀನಾ? ಸೊಂಟ ಹಿಡ್ಕೊಂಡ್ರೆ ಸೀಟು ಹೊಲಿಯೋರ್ಯಾರು?” ಅಂದ.

ಆ ಮಾತಿಗೆ ಛಲ ಬಂತು. ಸೆರಗು ಸಿಕ್ಕಿಸಿಕೊಂಡೆ, ದೇವರನ್ನು ನೆನೆದೆ, ಒದ್ದೆ. ಚೆಂಡು ಎರಡು ಮಾರು ಉರುಳಿ ನಿಂತಿತು. ಚಪ್ಪಲಿ ಹಾರಿತು. ಬಲಗಡೆ ಮೇಲ್ಮೂಲೆಗೆ, ಬಂದರಿನ ತಂಡದವರೂ ಅಷ್ಟು ಚೆನ್ನಾಗಿ ಒದೆಯಲಾರರು. ಇವನು ಚೆಂಡಿನ ಕಡೆ ನೋಡಲೂ ಇಲ್ಲ, ಹಾರಿ ಚಪ್ಪಲಿ ಹಿಡಿದ. ಹಿಡಿದುಕೊಂಡು ಟೈರಿನ ಮೇಲೆ ಕೂತು ನಕ್ಕ ನೋಡಿ, ನಗುತ್ತಾ ನಗುತ್ತಾ ಕೆಮ್ಮು ಬಂತು. ಫೈನಲ್ ಆದಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಾನೂ ಒಂಟಿ ಕಾಲಲ್ಲಿ ನಿಂತು ನಕ್ಕೆ, ಯಾರೂ ನೋಡಲಿಲ್ಲ, ದೇವರು ದೊಡ್ಡವನು.

ಅವತ್ತಿನಿಂದ ದಿನಾ ಬೆಳಿಗ್ಗೆ ಒದೆಯುತ್ತಿದ್ದೇನೆ. ನೀವು ಬಿಟ್ಟುಹೋದ ಕ್ಯಾನ್ವಾಸ್ ಬೂಟು ಮುಂದಕ್ಕೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತೇನೆ. ಈಗ ಚೆಂಡು ಗೋಡೆ ಮುಟ್ಟುತ್ತದೆ. ಕೆಲವು ಸಲ ಅವನು ಬೇಕೆಂದೇ ಬಿಡುತ್ತಾನೆ ಅಂತ ನನಗೆ ಅನುಮಾನ. “ಗೋಲ್!” ಅಂತ ತಾನೇ ಕೂಗುತ್ತಾನೆ. ಇದನ್ನು ನಿಮಗೆ ಬರೆಯಬಾರದು ಅಂತಿದ್ದೆ. ಬರೆದಾಯಿತು.

ಹೋದ ವಾರ, ಹಾಗೆ ಒದ್ದು ದಣಿದು ಟೈರಿನ ಮೇಲೆ ಕೂತಿದ್ದಾಗ, ಅವನು ಚೆಂಡಿನ ಮೇಲಿನ ಮಣ್ಣು ಒರೆಸುತ್ತಾ ತಾನಾಗೇ ಮಾತು ತೆಗೆದ.

“ಅಮ್ಮ, ಅಪ್ಪ ಮಾಡಿದ್ದು ಸರಿ.”

ನಾನು ಬೂಟಿನ ದಾರ ಬಿಚ್ಚುತ್ತಾ ಕೂತೆ. ಈಗ ಏನಾದರೂ ಅಂದರೆ ಇವನು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆ ಅಂತ ಗೊತ್ತಿತ್ತು.

“ಪೆನಾಲ್ಟಿಲಿ ನಂಗಿಂತ ಏಣಿ ಚೆನ್ನಾಗಿ ಹಾರ್ತಾನೆ. ಅಭ್ಯಾಸದಲ್ಲಿ ದಿನಾ ನೋಡಿದೀನಿ. ಫೈನಲ್ಲಲ್ಲಿ ಪೆನಾಲ್ಟಿಗೆ ನಾನು ನಿಂತಿದ್ರೆ ಸೋಲ್ತಿದ್ವಿ. ಅಪ್ಪ ಬಂದು ಮಗಾ, ನೀನು ಇಳಿ, ಅವನು ನಿಲ್ಲಲಿ ಅಂದಿದ್ರೆ ನಾನೇ ನನ್ನ ಗ್ಲೌಸ್ ಬಿಚ್ಚಿ ಅವನ ಕೈಗೆ ಹಾಕ್ತಿದ್ದೆ. ಹೇಳ್ಲಿಲ್ಲ ಅಮ್ಮ. ಆಟದ ಮುಂಚೆನೂ ಹೇಳ್ಲಿಲ್ಲ, ಆಮೇಲೂ ಹೇಳ್ಲಿಲ್ಲ. ನನ್ನ ನಂಬರ್ ಎತ್ತಿಬಿಟ್ರು. ಡಿಪೋದ ಡ್ಯೂಟಿ ಬೋರ್ಡಿಂದ ಎತ್ತೋ ಹಾಗೆ.”

ಅಷ್ಟು ಹೇಳಿ ಎದ್ದು ಡ್ಯೂಟಿಗೆ ಹೋದ. ನಾನು ಆ ದಿನ ಮೂರು ಸೀಟು ತಿರುವುಮುರುವಾಗಿ ಹೊಲಿದು ಮತ್ತೆ ಬಿಚ್ಚಿದೆ.

ನಿಮ್ಮ ಆ ಡ್ಯೂಟಿ ಹಲಗೆಯ ವಿಷಯ ನಿಮಗಿಂತ ನನಗೆ ಚೆನ್ನಾಗಿ ಗೊತ್ತು, ಅದು ಗೋಡೆ ಏರಿದ ದಿನ ನಾನೇ ಒರೆಸಿ ಕೊಟ್ಟಿದ್ದೆ. ನೀವು ಡ್ಯೂಟಿ ಹಾಕುವ ಕೆಲಸಕ್ಕೆ ಬಂದಾಗ ದಿನಾ ಬೆಳಿಗ್ಗೆ ಕಿಟಕಿ ಮುಂದೆ ಜಗಳ. ನನಗೆ ಆ ದಾರಿ ಬೇಡ, ಅವನಿಗೆ ಯಾಕೆ ಹೊಸ ಬಸ್ಸು, ನನ್ನನ್ನು ಯಾಕೆ ಇಳಿಸಿದಿರಿ. ನೀವು ಜಗಳಕ್ಕೆ ಹೆದರುವವರು, ಕಿಟಕಿ ಮುಚ್ಚಿ ಹಲಗೆ ತೂಗುಹಾಕಿದಿರಿ. ಬಸ್ಸಿನ ನಂಬರ್ ಪಕ್ಕಕ್ಕೆ ಡ್ರೈವರ್ ನಂಬರ್, ಕಂಡಕ್ಟರ್ ನಂಬರ್. ನಂಬರ್ ತೆಗೆದರೆ ಇಳಿಯಬೇಕು, ಹಾಕಿದರೆ ಹತ್ತಬೇಕು, ಯಾಕೆ ಅಂತ ಯಾರೂ ಕೇಳುವಂತಿಲ್ಲ. ಜಗಳ ನಿಂತಿತು. ಬಸ್ಸುಗಳು ಹೊತ್ತಿಗೆ ಹೊರಟವು. ನಿಮಗೆ ಮೇಲಿನವರು ಶಾಲು ಹೊದಿಸಿದರು. ಒಳ್ಳೆಯದೇ ಆಯಿತು, ನಾನು ಇಲ್ಲ ಅನ್ನುವುದಿಲ್ಲ. ಇಷ್ಟು ವರ್ಷ ಅದು ಡಿಪೋವನ್ನು ಕಾಪಾಡಿತು.

ಆದರೆ ಮಗ ಬಸ್ಸಲ್ಲ.

ಆ ಫೈನಲ್ ದಿನ ನಾನು ಎಲ್ಲಿ ಕೂತಿದ್ದೆ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ಎದುರು ಬದಿಗೆ, ಮೆಟ್ಟಿಲಿನ ಕೆಳಗಿನ ಸಾಲಿನಲ್ಲಿ. ನಾನು ದೇವರ ಮುಂದೆ ಕೂತಾಗ ಯಾವತ್ತೂ ಕಪ್ ಕೇಳಿಲ್ಲ, ಕೇಳಲು ನಾಚಿಕೆ. ಬಂದರಿನ ಹುಡುಗರ ತಾಯಂದಿರೂ ಇನ್ನೊಂದು ಮೂಲೆಯಲ್ಲಿ ಕೂತು ಕೇಳುತ್ತಿರುತ್ತಾರೆ, ದೇವರಿಗೆ ಯಾಕೆ ಪೀಕಲಾಟ. ಯಾರ ಕೈಕಾಲಿಗೂ ಪೆಟ್ಟಾಗದೆ ಮನೆಗೆ ಬರಲಿ ಅಂತ ಮಾತ್ರ ಕೇಳುತ್ತೇನೆ. ಅವತ್ತೂ ಅಷ್ಟೇ ಕೇಳಿದ್ದೆ. ಆಟ ಸಮಸಮ ಆಗಿ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು, ಇನ್ನು ಪೆನಾಲ್ಟಿ ಅಂತ ಎಲ್ಲರೂ ಎದ್ದು ನಿಂತರು. ಆಗ ನೀವು ಗೆರೆಯ ಹತ್ತಿರ ಬಂದು ಆಟಗಾರರನ್ನು ಬದಲಿಸುವ ನಂಬರಿನ ಹಲಗೆ ಎತ್ತಿದಿರಿ. ಒಂದನೇ ನಂಬರ್ ಹೊರಗೆ. ನಮ್ಮ ಮಗ ಸುತ್ತಲೂ ನೋಡಿದ, ಬೇರೆ ಯಾರಿಗೋ ಇರಬೇಕು ಅನ್ನುವ ಹಾಗೆ. ಆಮೇಲೆ ತನ್ನ ಎದೆ ನೋಡಿಕೊಂಡ. ಅದನ್ನು ನೋಡಿದೆನಲ್ಲ, ಅದು ಈಗಲೂ ಸೂಜಿಗೆ ದಾರ ಹಾಕುವಾಗ ಕಣ್ಣಮುಂದೆ ಬರುತ್ತದೆ.

ಏಣಿ ಎರಡು ಹಿಡಿದ. ಕಪ್ ನಮ್ಮದಾಯಿತು. ನಾನೂ ಎಲ್ಲರ ಜೊತೆ ಎದ್ದು ಕೂಗಿದೆ, ಕೂಗಿ ಕೂತಮೇಲೆ ಮಗ ಎಲ್ಲಿ ಅಂತ ಹುಡುಕಿದೆ. ನೀರಿನ ಕ್ಯಾನುಗಳ ಪಕ್ಕದಲ್ಲಿ ಕೂತಿದ್ದ. ಚಪ್ಪಾಳೆ ತಟ್ಟುತ್ತಿದ್ದ. ಗ್ಲೌಸ್ ಬಿಚ್ಚದೆ ತಟ್ಟಿದರೆ ಸದ್ದು ಬರುವುದಿಲ್ಲ.

ಮನೆಗೆ ಬಂದಮೇಲೆ ಆದದ್ದು ಇಬ್ಬರಿಗೂ ಗೊತ್ತು. ಊರೆಲ್ಲ ನಿಮ್ಮ ತಲೆ ಹೊಗಳುತ್ತಿತ್ತು, ಏನು ಉಪಾಯ, ಏನು ಧೈರ್ಯ, ಸ್ವಂತ ಮಗನನ್ನೇ ಇಳಿಸಿದ ಅಂತ. ಇವನು ಊಟಕ್ಕೆ ಕೂತವನು ತಟ್ಟೆ ನೋಡಿಕೊಂಡೇ ಹೇಳಿದ, “ಮನೆಗೂ ಒಂದು ಬೋರ್ಡ್ ಹಾಕಿಸಿ ಅಪ್ಪ. ಯಾರು ಒಳಗೆ ಯಾರು ಹೊರಗೆ ಅಂತ ಗೊತ್ತಾಗ್ಲಿ. ನೀವಿದ್ರೆ ನಾನಿರಲ್ಲ.” ನೀವು ಕೈ ತೊಳೆದು ಎದ್ದಿರಿ. ಎರಡು ದಿನ ಬಿಟ್ಟು ಹೊರಟುಹೋದಿರಿ. ಮಗ ಮನೆಯಲ್ಲಿರಲಿ, ನಾನೇ ಹೋಗುತ್ತೇನೆ ಅಂತ ನೀವು ಲೆಕ್ಕ ಹಾಕಿದಿರಿ, ಅದು ನನಗೆ ತಿಳಿಯದ್ದಲ್ಲ. ಪ್ರೀತಿಯಿಂದಲೇ ಹೋದಿರಿ. ಆದರೆ ನಿಮ್ಮ ಬದಲಿ ಡ್ಯೂಟಿಯ ಸುದ್ದಿ ನನಗೆ ಹೇಗೆ ಗೊತ್ತಾಯಿತು ಹೇಳಿ? ಸೀಟು ವಿಭಾಗದ ಹೆಂಗಸರು “ಏನೇ, ನಿನ್ನ ಗಂಡನ ನಂಬರ್ ಬೇರೆ ಡಿಪೋಗೆ ಹೋಗಿದೆಯಂತಲ್ಲ” ಅಂದಾಗ. ಹೋಗಿ ನೋಡಿದರೆ ಹಲಗೆಯಲ್ಲಿ ನಿಮ್ಮ ಜಾಗ ಖಾಲಿ. ಅಷ್ಟು ವರ್ಷ ನಿಮ್ಮ ತಟ್ಟೆಯ ಪಕ್ಕ ತಟ್ಟೆ ಇಟ್ಟು ಉಂಡವಳಿಗೆ ಹಲಗೆ ಹೇಳಿತು. ಅವತ್ತು ಸಂಜೆ ನೀವು ಚೀಲ ತುಂಬುವಾಗ ನಾನು ಆಡಿದ ಮಾತು ನೆನಪಿರಬೇಕು. ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಚೀಲದಲ್ಲಿ ನಿಮ್ಮ ಸ್ವೆಟರ್ ಇಟ್ಟವಳೂ ನಾನೇ, ಅದನ್ನೂ ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಬರೆದದ್ದು ನಿಮ್ಮನ್ನು ಕಟಕಟೆಗೆ ನಿಲ್ಲಿಸುವುದಕ್ಕಲ್ಲ. ಇನ್ನೊಂದು ವಿಷಯ ಹೇಳಬೇಕಿತ್ತು, ಅದಕ್ಕೆ ಧೈರ್ಯ ಬರಲಿ ಅಂತ ಸುತ್ತು ಹಾಕಿದೆ.

ಆ ಫೈನಲ್ ದಿನ ಎಲ್ಲರೂ ಹಲಗೆ ನೋಡಿದರು, ಮಗನನ್ನು ನೋಡಿದರು, ಏಣಿಯನ್ನು ನೋಡಿದರು. ನಾನು ನಿಮ್ಮನ್ನು ನೋಡಿದೆ. ಎಲ್ಲ ಕೋಚುಗಳೂ ಹಲಗೆಯನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ, ನೀವೂ ಯಾವಾಗಲೂ ಹಾಗೇ ಎತ್ತುವವರು. ಅವತ್ತು ಮುಖಕ್ಕೆ ಅಡ್ಡ ಹಿಡಿದಿರಿ. ಮಗ ಗೆರೆ ದಾಟಿ ಹೋಗುವವರೆಗೂ ಇಳಿಸಲಿಲ್ಲ, ರೆಫರಿ ಬಂದು ಮುಟ್ಟಿ ಹೇಳಬೇಕಾಯಿತು. ಇದನ್ನು ಅವನಿಗೆ ನಾನು ಹೇಳಿಲ್ಲ. ಎಷ್ಟೋ ಸಲ ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ನಾನು ಹೇಳಿದರೆ ಅದು ಇನ್ನೊಂದು ಹಲಗೆ ಆಗುತ್ತದೆ ಅಷ್ಟೇ. ಅವನಿಗೆ ಬೇಕಿರುವುದು ನಿಮ್ಮ ಬಾಯಿ.

ಆದ್ದರಿಂದ ಮೇಲೆ ಕೇಳಿದ ಅಳತೆಯನ್ನು ನನಗೆ ಬರೆಯಬೇಡಿ. ಅವನಿಗೆ ಹೇಳಿ. ಅವನೇ ಪೂರ್ತಿ ಆಟ ನಿಲ್ಲಲಿ, ಪೆನಾಲ್ಟಿ ಬಂದರೆ ಏಣಿ ನಿಲ್ಲಲಿ ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಹೇಳಿ. ಇಲ್ಲ, ಈ ಸಲ ಏಣಿಯೇ ಮೊದಲಿಂದಲೂ ಅನ್ನುವುದಾದರೆ ಅದನ್ನೂ ಅವನಿಗೇ ಹೇಳಿ, ಮುಖ ನೋಡಿ ಹೇಳಿ. ಅವನು ಮುನಿಸಿಕೊಳ್ಳಬಹುದು, ಕೂಗಾಡಬಹುದು. ಕೂಗಾಡಲಿ. ಜಗಳಕ್ಕೆ ಹೆದರಿ ಕಿಟಕಿ ಮುಚ್ಚಬೇಡಿ. ಹಳದಿ ಬಟ್ಟೆ ಮೆಷಿನ್ನಿನ ಮೇಲೆ ಹಾಗೇ ಮಡಚಿಟ್ಟಿದ್ದೇನೆ, ಅವನು ಬಂದು ಹೇಳಿದ ಅಳತೆಗೆ ಕತ್ತರಿ ಹಾಕುತ್ತೇನೆ.

ಈ ಸಲವೂ ಗೆಲ್ಲುತ್ತೇವಾ ಅಂತ ನನ್ನನ್ನೂ ಕೇಳುತ್ತಾರೆ, ಕೋಚಿನ ಹೆಂಡತಿಗೆ ಏನೋ ಗೊತ್ತಿರುತ್ತದೆ ಅಂತ. ನನಗೆ ಗೊತ್ತಿಲ್ಲ. ಬಂದರಿನವರು ಹಲ್ಲು ಕಚ್ಚಿಕೊಂಡು ಬರುತ್ತಾರೆ, ನಮ್ಮವರು ಅಂಚೆಯವರ ಮುಂದೇ ಏದುಸಿರು ಬಿಡುತ್ತಿದ್ದಾರೆ. ನೀವು ಬಂದು ಬೈದರೆ ಓಡುತ್ತಾರೇನೋ. ನನ್ನನ್ನು ಕೇಳಿದರೆ, ಗೆದ್ದರೆ ಸಂತೋಷವೇ, ಕಪ್ ಒರೆಸಿ ಇಡುತ್ತೇನೆ. ಆದರೆ ಹೋದ ಸಲದ ಹಾಗೆ ಗೆಲ್ಲುವುದು ಬೇಡ. ಇನ್ನೊಂದು ಸಲ ಹಾಗೆ ಗೆದ್ದರೆ ಈ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸೋತರೂ ಮೂವರೂ ಒಂದೇ ಬಸ್ಸಿನಲ್ಲಿ ಬೈದಾಡಿಕೊಂಡು ಮನೆಗೆ ಬರುವ ಹಾಗಿದ್ದರೆ ನನಗೆ ಅದೇ ಸಾಕು. ದೇವರ ಹತ್ತಿರ ಈ ವರ್ಷ ಕೈಕಾಲಿನ ಜೊತೆಗೆ ಇದನ್ನೂ ಸೇರಿಸಿ ಕೇಳುತ್ತಿದ್ದೇನೆ. ಇದರಲ್ಲಿ ಬಂದರಿನವರಿಗೆ ನಷ್ಟವಿಲ್ಲ.

ಅಕ್ಕನಿಗೆ ನಮಸ್ಕಾರ ಹೇಳಿ. ನಿಮಗೆ ಎರಡು ಹೊತ್ತು ಬಿಸಿ ಊಟ ಹಾಕುತ್ತಿರುವುದಕ್ಕೆ ನನ್ನ ಕೃತಜ್ಞತೆಯನ್ನೂ ಹೇಳಿ, ಸಾಕು ಅನ್ನುವುದನ್ನೂ ಮೆತ್ತಗೆ ಸೂಚಿಸಿ.

ಸ್ವೆಟರಿನ ಮೊಣಕೈ ಹರಿದಿರಬೇಕು. ಅಲ್ಲಿ ಯಾರ ಹತ್ತಿರವೂ ಹೊಲಿಸಬೇಡಿ, ಬೇರೆ ದಾರ ಹಾಕಿ ಕೆಡಿಸುತ್ತಾರೆ.

ಬಾಗಿಲು ಚಿಲಕ ಹಾಕದೆ ಕೂತು ಬರೆದವಳು,
ನಿಮ್ಮ ಮನೆಯವಳು

ಮರೆತಿದ್ದು: ಗುರುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಬೇಕೆಂದಿದ್ದೆ. ನಿನ್ನೆ ಊಟಕ್ಕೆ ಕೂತಾಗ ನಿಮ್ಮ ಮಗ, “ನಾಳೆ ಅಪ್ಪ ಇರೋ ಕಡೆಯ ಟ್ರಿಪ್ ನಂದು. ಏನಾದ್ರೂ ಕೊಡೋದಿದ್ರೆ ಕೊಡು” ಅಂದ. ಆ ದಾರಿಯ ಡ್ಯೂಟಿ ಅವನದಲ್ಲ. ಬೆಳಿಗ್ಗೆ ಬ್ರೇಕ್‌ನನ್ನು ವಿಚಾರಿಸಿದೆ, ಅವನು ಜೀವನದಲ್ಲಿ ಮೊದಲ ಸಲ ಪೂರ್ತಿ ಮಾತು ಹೇಳಿದ. ಇವನೇ ಇನ್ನೊಬ್ಬ ಕಂಡಕ್ಟರನ ಮನೆಗೆ ಹೋಗಿ, ಕೇಳಿ, ಬದಲಾಯಿಸಿಕೊಂಡನಂತೆ. ನಾನು ಅವನಿಗೆ ಏನೂ ಹೇಳಿರಲಿಲ್ಲ, ಕವರಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತೂ ಇಲ್ಲ. ನೀವು ಇದನ್ನು ಓದುವ ಹೊತ್ತಿಗೆ ಅವನು ಕವರನ್ನು ನಿಮ್ಮ ಕೈಗೆ ಕೊಟ್ಟು, ಅಲ್ಲೇ ಬಸ್ಸಿನ ಹತ್ತಿರ ಚೀಲ ನೇತುಹಾಕಿಕೊಂಡು, ನಿಮ್ಮ ಕಡೆ ನೋಡದವನ ಹಾಗೆ ನಿಂತಿರುತ್ತಾನೆ. ಬಸ್ಸು ವಾಪಸ್ ಹೊರಡಲು ಇನ್ನೂ ಹೊತ್ತಿದೆ. ಕಾಗದ ಮಡಚಿ ಜೇಬಿಗೆ ಹಾಕಿ. ಮೊದಲು ಊಟ ಆಯ್ತಾ ಅಂತ ಕೇಳಿ.